ಎತ್ಕೋಬೇಡಿ ಅಂದ ಪುಸ್ತಕ

ಮಗಳಿಗೆ ಎಂಟು ತಿಂಗಳಿದ್ದಾಗ ದಿನಾ ರಾತ್ರಿ ಎರಡಕ್ಕೆ ಎದ್ದು ಅಳೋಳು. "ಎತ್ಕೋಬೇಡ, ಅಭ್ಯಾಸ ಆಗತ್ತೆ" ಅಂದ ಆಫೀಸಿನ ಗೆಳೆಯ. ಊರಿಂದ ಅವ್ವ ಕೂಡ ಫೋನಲ್ಲಿ ಅದನ್ನೇ ಅಂದಳು. ಇವರಿಬ್ಬರೂ ಒಂದೇ ಮಾತು ಹೇಳೋದು ಅಪರೂಪ. ಈ ಸಲಹೆಗೆ ವಿಜ್ಞಾನದ ಮೊಹರು ಒತ್ತಿದವರು ಯಾರು ಅಂತ ಹುಡುಕಿದಾಗ ಸಿಕ್ಕಿದ್ದು ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಬಿ. ವ್ಯಾಟ್ಸನ್ 1928ರಲ್ಲಿ ತಂದ 'ಸೈಕಲಾಜಿಕಲ್ ಕೇರ್ ಆಫ್ ಇನ್‌ಫಂಟ್ ಅಂಡ್ ಚೈಲ್ಡ್'.

ಮಕ್ಕಳನ್ನು ಅಪ್ಪಬೇಡಿ, ತೊಡೆ ಮೇಲೆ ಕೂರಿಸಬೇಡಿ. ತಡೆಯೋಕೆ ಆಗದಿದ್ರೆ ಮಲಗುವಾಗ ಹಣೆಗೊಂದು ಮುತ್ತು, ಬೆಳಿಗ್ಗೆ ಒಂದು ಹ್ಯಾಂಡ್‌ಶೇಕ್ ಸಾಕು ಅನ್ನುತ್ತೆ ಪುಸ್ತಕ. ಥೇಟ್ ಹೊಸದಾಗಿ ಟೀಮಿಗೆ ಸೇರಿದವರನ್ನು ನಾವು ಮಾತಾಡಿಸೋ ಹಾಗೆ! ಇಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ. ಆ ಹೊತ್ತಿಗೆ ವ್ಯಾಟ್ಸನ್ ವಿಶ್ವವಿದ್ಯಾಲಯ ಬಿಟ್ಟು ಜಾಹೀರಾತು ಕಂಪನಿಯಲ್ಲಿದ್ದರು, ಬರವಣಿಗೆಯಲ್ಲೂ ಅದೇ ಧಾಟಿ. ಅಳು ಅವರಿಗೆ ಒಂದು ಕೆಟ್ಟ ಅಭ್ಯಾಸ, ಎತ್ಕೊಳ್ಳೋದು ಅದಕ್ಕೆ ಸಿಗೋ ಬಹುಮಾನ. ಅಳು ಮಗುವಿನ ಮೊದಲ ಮಾತೂ ಇರಬಹುದು ಅನ್ನೋದು ಅವರಿಗೆ ಹೊಳೆಯಲೇ ಇಲ್ಲ.

ಇದಕ್ಕೆ ಉತ್ತರದಂತಿರೋದು ಸಿಲ್ವಿಯಾ ಬೆಲ್ ಮತ್ತು ಮೇರಿ ಐನ್ಸ್‌ವರ್ತ್ 1972ರಲ್ಲಿ ಪ್ರಕಟಿಸಿದ ಅಧ್ಯಯನ. ಅದರಲ್ಲಿ 26 ಕೂಸುಗಳ ಮೊದಲ ವರ್ಷವನ್ನು ಅವರವರ ಮನೆಯಲ್ಲೇ ಗಮನಿಸಿದ್ದಾರೆ. ತಾಯಂದಿರು ಬೇಗ ಸ್ಪಂದಿಸಿದ ಮಕ್ಕಳು ವರ್ಷದ ಕೊನೆಗೆ ಕಡಿಮೆ ಅಳುತ್ತಿದ್ದರು. ಮುಖಭಾವ, ಸನ್ನೆ, ದನಿಗಳಲ್ಲಿ ಹೇಳಿಕೊಳ್ಳೋದು ಹೆಚ್ಚಿತ್ತು. ನಾನು ಕರೆದರೆ ಏನೋ ಆಗತ್ತೆ ಅಂತ ಕಂಡುಕೊಳ್ಳೋದೇ ಕಾರ್ಯ-ಕಾರಣದ ಮೊದಲ ಪಾಠ ಅಲ್ವಾ? 26 ಮಕ್ಕಳ ಲೆಕ್ಕ ತೀರಾ ಸಣ್ಣದು, ಮುಂದೆ ಆ ಲೆಕ್ಕಾಚಾರದ ಬಗ್ಗೆ ತಕರಾರೂ ಬಂತು.

ಇನ್ನೂ ಗಟ್ಟಿ ಸಾಕ್ಷಿ ರೊಮೇನಿಯಾದ ಬುಕಾರೆಸ್ಟ್‌ನದು. 2000ದ ಹೊತ್ತಿಗೆ ಅಲ್ಲಿನ ಅನಾಥಾಲಯಗಳ 136 ಮಕ್ಕಳಲ್ಲಿ ಅರ್ಧದಷ್ಟನ್ನು ಲಾಟರಿಯಂತೆ ಆರಿಸಿ ಸಾಕು ಕುಟುಂಬಗಳಿಗೆ ಕಳಿಸಿದರು. ಮನೆ ಸಿಕ್ಕ ಮಕ್ಕಳ ಬುದ್ಧಿಮತ್ತೆಯ ಅಂಕ ಮುಂದೆ ಹೆಚ್ಚು ಬಂತು. ಎರಡು ವರ್ಷದೊಳಗೇ ಹೋದವರಿಗೆ ಲಾಭ ಇನ್ನೂ ಜಾಸ್ತಿ. ಆದ್ರೆ ಅದು ಸಾಲು ತೊಟ್ಟಿಲುಗಳಲ್ಲಿ ತಿಂಗಳುಗಟ್ಟಲೆ ಯಾರೂ ಕೇಳಿಸಿಕೊಳ್ಳದ ಮಕ್ಕಳ ಕಥೆ. ಒಂದು ರಾತ್ರಿ ಅತ್ತರೆ ಮಗು ದಡ್ಡ ಆಗತ್ತೆ ಅಂತ ಅದನ್ನಿಟ್ಟುಕೊಂಡು ತಾಯಂದಿರನ್ನು ಹೆದರಿಸಿದ್ರೆ, ಅದೂ ವ್ಯಾಟ್ಸನ್ ಧಾಟಿಯೇ.

ಈ ಪುಸ್ತಕದ ದೊಡ್ಡ ಕೊರತೆ ನನಗೆ ತಿಳಿದಿದ್ದು ಅವ್ವ ಬೆಂಗಳೂರಿಗೆ ಬಂದಾಗ. ಮಗಳು ಕುಸುಗುಟ್ಟಿದ ತಕ್ಷಣ ಎದ್ದು ಎತ್ಕೊಂಡವಳು ಅವಳೇ. "ಎತ್ಕೋಬ್ಯಾಡ ಅಂದಿದ್ದೆಯಲ್ಲ?" ಅಂದೆ. "ಕಳೆ ಕೀಳುವಾಗ ನಿನ್ನ ಮರಕ್ಕೆ ಜೋಲಿ ಕಟ್ಟಿ ಮಲಗಿಸ್ತಿದ್ದೆ. ನೀನು ಅತ್ರೆ ಸಾಲು ಬಿಟ್ಟು ಬರಂಗಿರಲಿಲ್ಲ. ರೂಢಿ ಆಗ್ಬಾರದು ಅಂತ ನನಗೆ ನಾನೇ ಹೇಳ್ಕೊತಿದ್ದೆ" ಅಂದಳು.

ವ್ಯಾಟ್ಸನ್ ಸಿದ್ಧಾಂತ ಮಾಡಿದ್ದು ಅವಳಿಗೆ ಅನಿವಾರ್ಯ ಆಗಿತ್ತು. ನನಗೆ ಅದೂ ಇಲ್ಲ. ಆಫೀಸಿನ ಅಲರ್ಟ್ ಬಂದ್ರೆ ರಾತ್ರಿ ಎರಡಕ್ಕೂ ಐದೇ ನಿಮಿಷದಲ್ಲಿ ಏಳ್ತೀನಿ.