ಬಲಿ, ಬದಲಿ ಮತ್ತು ಹರಕೆ: ‘ಯಶೋಧರ ಚರಿತೆ’ಯಿಂದ ಸವದತ್ತಿಯವರೆಗೆ

ಶಿಶುಬಲಿಯನ್ನು ಕುರಿತ ಚರ್ಚೆ ಕೊಲೆ ನಡೆಯಿತೇ ಇಲ್ಲವೇ ಎಂಬ ಪ್ರಶ್ನೆಯಲ್ಲಿಯೇ ನಿಂತುಬಿಡುವುದುಂಟು. ಫಿನೀಷಿಯನ್ನರ ವಸಾಹತಾಗಿದ್ದ ಕಾರ್ಥೇಜಿನ ‘ತೋಫೆತ್’ ನೆಲೆಯಲ್ಲಿ 1921ರಿಂದೀಚೆಗೆ ದೊರೆತ ಮಡಕೆಗಳಲ್ಲಿ ಸುಟ್ಟ ಶಿಶುಗಳ ಅಸ್ಥಿಗಳಿವೆ; ಕುರಿಮರಿಗಳ ಅಸ್ಥಿಗಳೂ ಇವೆ. ಆ ಶಿಶುಗಳು ಬಲಿಯಾದವೋ, ಸಹಜವಾಗಿ ತೀರಿಕೊಂಡವೋ ಎಂಬ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ಅಲ್ಜೀರಿಯದ ಎನ್‌ಗೌಸ್‌ನ ರೋಮನ್ ಕಾಲದ ಶಾಸನಗಳು ಜೀವಕ್ಕೆ ಬದಲು ಜೀವವೆಂದು ಕುರಿಮರಿಯನ್ನು ಅರ್ಪಿಸಿದ್ದನ್ನು ಸ್ಪಷ್ಟವಾಗಿ ಹೇಳುತ್ತವೆ. ಬದಲಿ ಬಂದೊಡನೆ ಬಲಿ ಅಳಿಯಿತೆನ್ನಬಹುದೇ?

ಕನ್ನಡದಲ್ಲಿ ಈ ಪ್ರಶ್ನೆಯನ್ನು ಆಳವಾಗಿ ಎದುರಿಸಿದ ಕೃತಿ ಜನ್ನನ ‘ಯಶೋಧರ ಚರಿತೆ’ (1209). ಮಾರಿದತ್ತನು ಚಂಡಮಾರಿಗೆ ಬಲಿಕೊಡಲೆಂದು ಹಿಡಿತರಿಸಿದ ಅಭಯರುಚಿ, ಅಭಯಮತಿಯರು ಎಳೆಯ ಅಣ್ಣತಂಗಿಯರು. ಹಿಂದಿನ ಜನ್ಮದಲ್ಲಿ ಯಶೋಧರ, ಚಂದ್ರಮತಿಯರಾಗಿದ್ದ ಅವರು ಹಿಟ್ಟಿನ ಕೋಳಿಯನ್ನು ಬಲಿಯಿತ್ತ ಕಾರಣಕ್ಕೆ ಭವಭವಗಳಲ್ಲಿ ತೊಳಲಿದವರು. ಬದಲಿಯು ಪಾಪವನ್ನು ನೀಗುವುದಿಲ್ಲ, ಸಂಕಲ್ಪವೇ ಹಿಂಸೆ ಎಂಬುದು ಕವಿಯ ನಿಲುವು. ಹಾಗೆಂದು ಕಾವ್ಯವನ್ನು ನರಬಲಿಯ ಚಾರಿತ್ರಿಕ ಸಾಕ್ಷ್ಯವೆಂದು ಭಾವಿಸಲಾಗದು. ಕಾರ್ಥೇಜಿನ ಬಗ್ಗೆ ಗ್ರೀಕ್ ಲೇಖಕರು ಬರೆದುದರಂತೆ ಇದೂ ಅನ್ಯರ ಆಚರಣೆಯನ್ನು ಹೊರಗೆ ನಿಂತು ಖಂಡಿಸುವ ಕಥನ.

ಜನ್ನನ ಈ ಅಳತೆಗೋಲು ಕಿತ್ತೂರು ಸೀಮೆಯ ಸವದತ್ತಿಯಲ್ಲಿ ಪರೀಕ್ಷೆಗೊಳಗಾಗುತ್ತದೆ. ರಟ್ಟರ ರಾಜಧಾನಿಯಾಗಿ ಜೈನ ಬಸದಿಗಳಿಗೆ ಆಶ್ರಯವಿತ್ತ ಸುಗಂಧವರ್ತಿಯೇ ಇಂದಿನ ಸವದತ್ತಿ. ಅಲ್ಲಿನ ಗುಡ್ಡದ ಎಲ್ಲಮ್ಮನಿಗೆ ಹೆಣ್ಣುಮಕ್ಕಳಿಗೆ ಮುತ್ತು ಕಟ್ಟಿ ಬಿಡುವ ರೂಢಿಯಿತ್ತು. ಮಗುವಿನ ಕಾಯಿಲೆ, ತಲೆಯಲ್ಲಿ ಕಾಣಿಸಿದ ಜಡೆ, ಮನೆಯಲ್ಲಿ ಗಂಡುಸಂತಾನವಿಲ್ಲದಿರುವುದು ಇಂಥ ಹರಕೆಗೆ ಕಾರಣವಾಗುತ್ತಿದ್ದವು. ಹಾಗೆ ಅರ್ಪಿತರಾದವರಲ್ಲಿ ಬಹುಪಾಲು ದಲಿತ ಕುಟುಂಬದವರು. 1934ರ ಮುಂಬಯಿ ಪ್ರಾಂತ್ಯದ ಕಾಯ್ದೆ, 1982ರ ಕರ್ನಾಟಕ ಕಾಯ್ದೆಗಳು ಇದನ್ನು ನಿಷೇಧಿಸಿದವು.

ಇದು ಶಿಶುಬಲಿಯಲ್ಲ, ಹಾಗೆ ಕರೆಯುವುದು ಆ ಸ್ತ್ರೀಯರ ಬದುಕಿಗೆ ಅಪಚಾರ. ಆದರೂ ಹರಕೆಯ ರಚನೆ ಒಂದೇ: ಕುಟುಂಬದ ಸಂಕಟ ನೀಗಲು ಮಗುವನ್ನು ಒಪ್ಪಿಸುವುದು. ವ್ಯತ್ಯಾಸವಿರುವುದು ಬೇರೊಂದು ಕಡೆ. ಹಿಟ್ಟಿನ ಕೋಳಿಯ ಪ್ರಸಂಗದಲ್ಲಿ ಕೊಲ್ಲುವ ಸಂಕಲ್ಪವಿತ್ತು, ಬದಲಿಗೆಂದು ಮಾಡಿದ್ದು ಹಿಟ್ಟಿನ ಬೊಂಬೆ. ಗುಡ್ಡದ ಹರಕೆಯಲ್ಲಿ ನೋಯಿಸುವ ಸಂಕಲ್ಪವಿರಲಿಲ್ಲ, ಭಯವೂ ಮಮತೆಯೂ ಇದ್ದವು. ಆದರೆ ನೊಂದ ಜೀವ ನಿಜವಾದದ್ದು. ಆದುದರಿಂದ ಸಂಕಲ್ಪವೊಂದನ್ನೇ ಮಾನದಂಡವಾಗಿಸಿಕೊಂಡರೆ ವಿಮರ್ಶೆ ಅಪೂರ್ಣವಾಗುತ್ತದೆ. ಹರಕೆ ಹೊತ್ತವರು ಯಾರು, ಅದನ್ನು ತೀರಿಸಿದವರು ಯಾರು ಎಂಬ ಪ್ರಶ್ನೆಯನ್ನೂ ಅದು ಒಳಗೊಳ್ಳಬೇಕು.