ನಾಣ್ಯದ ಫೋಟೊ: ಕೊಳ್ಳುವವರಿಗೋ, ಓದುವವರಿಗೋ?

ಮಾರಾಟಕ್ಕೆ ಇಟ್ಟ ಹಳೆಯ ನಾಣ್ಯಗಳ ಚಿತ್ರಗಳನ್ನು ನಾನು ಹೆಚ್ಚುಕಡಿಮೆ ದಿನವೂ ನೋಡುತ್ತೇನೆ. ಕೊಳ್ಳೋದಕ್ಕಲ್ಲ, ಓದೋದಕ್ಕೆ. ನಾಣ್ಯವೂ ಒಂದು ಶಾಸನವೇ ಅಂತ ನಂಬಿರೋನು ನಾನು. ಹೊಯ್ಸಳ ವಿಷ್ಣುವರ್ಧನನ ಚಿನ್ನದ ನಾಣ್ಯವನ್ನೇ ತಗೊಳ್ಳಿ. ಒಂದು ಬದಿಯಲ್ಲಿ ಸಿಂಹ, ಇನ್ನೊಂದು ಬದಿಯಲ್ಲಿ ಮೂರು ಸಾಲು ಕನ್ನಡ. ಒಂದು ಬಗೆಯಲ್ಲಿ ‘ಶ್ರೀ ತಳಕಾಡುಗೊಂಡ’ ಎಂದಿದೆ, ಇನ್ನೊಂದರಲ್ಲಿ ‘ಶ್ರೀ ನೊಳಂಬವಾಡಿಗೊಂಡ’ ಎಂದಿದೆ. ಚೋಳರಿಂದ ತಲಕಾಡನ್ನು ಗೆದ್ದ ಸುದ್ದಿಯನ್ನು ಕಲ್ಲಿನ ಮೇಲೆ ಸಾಲುಸಾಲಾಗಿ ಕೆತ್ತಿಸಿದ ಅರಸ ಅದನ್ನೇ ಬೆರಳುಗುರಿನಷ್ಟು ಅಗಲದ ಚಿನ್ನದ ಮೇಲೆ ಆರೇಳು ಅಕ್ಷರದಲ್ಲಿ ಮುಗಿಸಿದ್ದಾನೆ. ಅರಸನ ಹೆಸರೇ ಅಲ್ಲಿಲ್ಲ, ಬರೀ ಬಿರುದು. ಬಿರುದು ಓದಲಾಗದಿದ್ದರೆ ಆ ನಾಣ್ಯದ ಅರ್ಧ ಮಾತು ಹೋದ ಹಾಗೆ.

ಈಚೆಗೆ ಗೆಳೆಯರೊಬ್ಬರು ಇಂಥದ್ದೇ ಒಂದರ ಚಿತ್ರ ಕಳಿಸಿದ್ದರು. ಕೆಳಗೆ ‘ತಳಕಾಡುಗೊಂಡ, ಅಪರೂಪದ್ದು’ ಎಂಬ ಒಕ್ಕಣೆ. ಸಿಂಹ ಬಲು ಚೆನ್ನಾಗಿತ್ತು, ಕೇಸರ ಎಣಿಸಬಹುದಿತ್ತು. ಬರಹದ ಬದಿಗೆ ಬಂದರೆ ಮೇಲಿನ ಎಡಮೂಲೆಯಿಂದ ನಡುವಿನವರೆಗೆ ಬೆಳಕಿನ ಬಿಳಿ ಪಟ್ಟಿ. ಕಾಣುತ್ತಿದ್ದದ್ದು ಕೊನೆಯ ‘ಗೊಂಡ’ ಮಾತ್ರ. ‘ಗೊಂಡ’ ಎರಡು ಬಗೆಯಲ್ಲೂ ಇದೆಯಲ್ಲ! ತಳಕಾಡೋ ನೊಳಂಬವಾಡಿಯೋ ಹೇಳಬೇಕಾದ ಅಕ್ಷರಗಳ ಮೇಲೇ ದೀಪ ಕೂತಿತ್ತು. ಇನ್ನೊಂದು ಫೋಟೊ ಸಿಗುತ್ತಾ ಅಂತ ಕೇಳಿಸಿದೆ. ‘ನಾಣ್ಯ ಹೋಯ್ತು ಸಾರ್’ ಎಂಬ ಉತ್ತರ ಬಂತು. ಯಾರದೋ ಬೀರು ಸೇರಿದೆ. ಇನ್ನು ನಮ್ಮ ಪಾಲಿಗೆ ಆ ನಾಣ್ಯ ಅಂದರೆ ಆ ಒಂದು ಫೋಟೊ.

ನನ್ನ ತಕರಾರು ಇರುವುದು ಇಲ್ಲೇ. ಮಾರುವವರು ಫೋಟೊವನ್ನು ಅಂಗಡಿಯ ಬೋರ್ಡು ಅಂದುಕೊಳ್ಳುತ್ತಾರೆ. ಆದರೆ ನಾಣ್ಯ ಕೈಬದಲಾದ ಮರುದಿನದಿಂದ ಅದು ಪಡಿಯಚ್ಚು. ಶಾಸನದ ಕಲ್ಲು ಒಡೆದುಹೋದರೂ ಪಡಿಯಚ್ಚಿನಿಂದ ಓದಿದ ಉದಾಹರಣೆಗಳು ನಮ್ಮ ಕ್ಷೇತ್ರದಲ್ಲಿ ಬೇಕಾದಷ್ಟಿವೆ. ಪಡಿಯಚ್ಚು ತೆಗೆಯುವವರು ಕಲ್ಲು ಚೆಂದ ಕಾಣಲಿ ಅಂತ ಮಸಿ ಬಡಿಯುವುದಿಲ್ಲ.

ಹಳೆಯ ಬ್ರಿಟಿಷ್ ಮ್ಯೂಸಿಯಂ ಕ್ಯಾಟಲಾಗುಗಳ ಫಲಕಗಳನ್ನು ನೋಡಿದವರಿಗೆ ಗೊತ್ತಿರುತ್ತೆ, ಅಲ್ಲಿ ನಾಣ್ಯದ ಫೋಟೊವನ್ನು ನೇರ ತೆಗೆದಿಲ್ಲ. ಪ್ಲಾಸ್ಟರಿನಲ್ಲಿ ಅಚ್ಚು ತೆಗೆದು ಆ ಅಚ್ಚಿನ ಫೋಟೊ ಹಾಕಿದ್ದಾರೆ. ಚಿನ್ನವೋ ತಾಮ್ರವೋ ಒಂದೂ ತಿಳಿಯದ ಬೂದು ಬಿಲ್ಲೆಗಳು. ಕೊಳ್ಳುವವರು ಮೂಗು ಮುರಿಯುತ್ತಾರೆ. ಆದರೆ ಪ್ಲಾಸ್ಟರಿಗೆ ಹೊಳಪಿಲ್ಲ, ಹಾಗಾಗಿ ಅಕ್ಷರ ನಿಚ್ಚಳ. ನೂರು ವರ್ಷದ ಹಿಂದಿನ ಆ ಬೂದು ಚಿತ್ರದಿಂದ ಓದಿದಷ್ಟು ಸಲೀಸಾಗಿ ಇವತ್ತಿನ ಬಣ್ಣದ ಚಿತ್ರದಿಂದ ಓದಕ್ಕಾಗಲ್ಲ ಅಂದ್ರೆ ತಪ್ಪು ಕ್ಯಾಮೆರಾದ್ದಲ್ಲ.

ಬೆಳಕಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಡವಟ್ಟು ಶುರುವಾಗೋದೇ ಅಲ್ಲಿ. ಲೋಹ ಕನ್ನಡಿಯ ಹಾಗೆ. ದೀಪ ಯಾವ ಕೋನದಲ್ಲಿ ಬೀಳುತ್ತೋ ಅದೇ ಕೋನದಲ್ಲಿ ತಿರುಗಿ ಹೋಗುತ್ತೆ, ಆ ದಾರಿಯಲ್ಲಿ ಲೆನ್ಸ್ ಇದ್ದರೆ ಬಿಳಿ ಪಟ್ಟಿ. ಇದಕ್ಕೆ ಹೆದರಿ ಈಗ ಬಹಳ ಜನ ಸುತ್ತಲೂ ಎಲ್‌ಇಡಿ ಉಂಗುರ ಹಾಕ್ತಾರೆ. ಹೊಳಪೇನೋ ಹೋಯ್ತು, ಜೊತೆಗೆ ನೆರಳೂ ಹೋಯ್ತು. ಸವೆದ ನಾಣ್ಯದಲ್ಲಿ ಅಕ್ಷರ ಉಳಿದಿರುವುದೇ ನೆರಳಿನಲ್ಲಿ. ಒಂದೇ ದೀಪವನ್ನು ಮೇಜಿಗೆ ಹತ್ತಿಪ್ಪತ್ತು ಡಿಗ್ರಿ ಎತ್ತರದಲ್ಲಿ, ಬಟರ್ ಪೇಪರಿನ ಹಿಂದೆ ಇಟ್ಟು ಓರೆಯಾಗಿ ಬಿಡಿ. ಬರಿಗಣ್ಣಿಗೆ ಕಾಣದ ಗೀಟು ಏಳುತ್ತೆ. ಆದರೆ ಒಂದು ದಿಕ್ಕು ಸಾಲದು. ಬೆಳಕಿಗೆ ಸಮಾನಾಂತರವಾಗಿರುವ ಗೀಟು ನೆರಳು ಬೀಳಿಸುವುದಿಲ್ಲ. ಎಡಗಡೆಯಿಂದ ದೀಪ ಬಿಟ್ಟರೆ ಕನ್ನಡದ ತಲೆಕಟ್ಟುಗಳು ಮಾಯ, ಮೇಲಿಂದ ಬಿಟ್ಟರೆ ಉದ್ದ ಗೀಟುಗಳು ಮಾಯ. ಅದಕ್ಕೇ ನಾಣ್ಯ ಅಲುಗಿಸದೆ ದೀಪವನ್ನು ಮಾತ್ರ ನಾಲ್ಕು ಕಡೆ ಸರಿಸಿ ನಾಲ್ಕು ಫೋಟೊ ತೆಗೆಯಬೇಕು. ಹೊಳಪಿನ ಒಂದು ಚುಕ್ಕೆಯೋ ನಿಜವಾದ ಸೊನ್ನೆಯೋ ಅನ್ನೋದೂ ಆಗಲೇ ತೀರ್ಮಾನ ಆಗೋದು: ಹೊಳಪು ದೀಪದ ಜೊತೆ ಓಡುತ್ತೆ, ಸೊನ್ನೆ ಕೂತಲ್ಲೇ ಕೂತಿರುತ್ತೆ. ಕೆಳಗಿನಿಂದ ಬೆಳಕು ಬಿಟ್ಟ ಚಿತ್ರ ಒಂದನ್ನೇ ಯಾರಿಗೂ ಕಳಿಸಬೇಡಿ. ಬೆಳಕು ಮೇಲಿಂದ ಬರುತ್ತೆ ಅಂತ ಕಣ್ಣು ಅಂದುಕೊಂಡಿರುತ್ತೆ, ಹಾಗಾಗಿ ಉಬ್ಬು ತಗ್ಗಾಗಿ ಕಾಣುತ್ತೆ.

ಇನ್ನೊಂದು ಹೊಸ ಕಾಟ, ಹಿನ್ನೆಲೆ ಅಳಿಸುವ ಆ್ಯಪು. ಹಳೆಯ ನಾಣ್ಯ ಎಲ್ಲಿ ಸರಿಯಾದ ವೃತ್ತ? ಬಿಲ್ಲೆಗಿಂತ ಅಚ್ಚು ದೊಡ್ಡದು, ಏಟು ಪಕ್ಕಕ್ಕೆ ಬಿದ್ದರೆ ಅಂಚಿನಲ್ಲಿ ಅರ್ಧ ಅಕ್ಷರ ನಿಲ್ಲುತ್ತೆ. ಆ ಅರ್ಧ ಅಕ್ಷರ ನಮಗೆ ಚಿನ್ನಕ್ಕಿಂತ ಹೆಚ್ಚು. ಆ್ಯಪು ಅದನ್ನು ಕಸ ಅಂತ ಕತ್ತರಿಸಿ ದುಂಡಗೆ ಮಾಡಿ ಕೊಡುತ್ತೆ. ಮುಮ್ಮಡಿ ಕೃಷ್ಣರಾಜ ಒಡೆಯರ ತಾಮ್ರದ ಕಾಸುಗಳಲ್ಲಿ ಕನ್ನಡ, ಇಂಗ್ಲಿಷ್, ಪಾರ್ಸಿ ಮೂರೂ ಒತ್ತೊತ್ತಾಗಿ ಅಂಚಿನವರೆಗೆ ಹೋಗುವುದುಂಟು. ‘ಮಯಿಲಿ ಕಾಸು’ ಆದ ಮೇಲೆ ಬರುವ ಕನ್ನಡ ಅಂಕಿ ಕತ್ತರಿಗೆ ಸಿಕ್ಕಿತೋ, ಬೆಲೆಯೇ ಹೋಯಿತು.

ಕನ್ನಡಿಚಿತ್ರದ್ದೂ ಇದೇ ಕಥೆ. ಟಿಪ್ಪುವಿನ ಪೈಸೆಗಳಲ್ಲಿ ಆನೆ ಎಡಕ್ಕೆ ಮುಖ ಮಾಡಿದೆಯೋ ಬಲಕ್ಕೋ ಅನ್ನೋದರ ಮೇಲೇ ಬಗೆಗಳನ್ನು ವಿಂಗಡಿಸ್ತಾರೆ. ಮೌಲೂದಿ ವರ್ಷದ ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆದಿರುವುದರಿಂದ 1215 ನಮ್ಮ ಕಣ್ಣಿಗೆ 5121 ಆಗಿ ಕಾಣುತ್ತೆ. ಇದು ಗೊತ್ತಿಲ್ಲದೆ ಚಿತ್ರ ಉಲ್ಟಾ ಆಗಿದೆ ಅಂತ ತಿರುಗಿಸಿದರೆ ಅಂಕಿಗಳ ಆಕಾರವೇ ಕೆಡುತ್ತೆ, ಜೊತೆಗೆ ಆನೆಯೂ ಆ ಕಡೆಗೆ ತಿರುಗಿ ನಿಲ್ಲುತ್ತೆ!

ಹಂಚಿಕೊಳ್ಳುವ ಬಗ್ಗೆ ಇಂಜಿನಿಯರ್ ಲೆಕ್ಕ ಒಂದು. ಚಿತ್ರದ ಅಗಲ 1600 ಪಿಕ್ಸೆಲ್, ಅದರಲ್ಲಿ ಕಾಲು ಭಾಗ ನಾಣ್ಯ, ಮಿಕ್ಕಿದ್ದು ಕೆಂಪು ವೆಲ್ವೆಟ್ ಅಂತ ಇಟ್ಕೊಳ್ಳಿ. 13 ಮಿ.ಮೀ. ನಾಣ್ಯಕ್ಕೆ 400 ಪಿಕ್ಸೆಲ್, ಅಂದರೆ ಮಿಲಿಮೀಟರಿಗೆ ಸುಮಾರು 31. ಅಕ್ಷರದ ಗೀಟಿನ ದಪ್ಪ ಕಾಲು ಮಿ.ಮೀ. ಆದರೆ ಅದಕ್ಕೆ ಸಿಗೋದು ಎಂಟೇ ಪಿಕ್ಸೆಲ್. ಜೆಪೆಗ್ ಚಿತ್ರವನ್ನು ಕುಗ್ಗಿಸುವುದು 8×8ರ ಚೌಕಗಳಾಗಿ ಒಡೆದು. ಅಂದರೆ ನಿಮ್ಮ ಗೀಟು ಒಂದು ಚೌಕದ ಅಗಲಕ್ಕೆ ಬಂದು ನಿಂತಿದೆ. ಕುಗ್ಗಿಸುವಿಕೆ ಜಾಸ್ತಿಯಾದರೆ ಚೌಕದ ಕಲೆ ಯಾವುದು, ಕೆತ್ತನೆಯ ಗೀಟು ಯಾವುದು ಹೇಳೋರ್ಯಾರು? ವಾಟ್ಸಾಪಿನಲ್ಲಿ ಫೋಟೊ ಅಂತ ಕಳಿಸದೆ ಡಾಕ್ಯುಮೆಂಟ್ ಅಂತ ಕಳಿಸಿದರೆ ಮೂಲ ಫೈಲು ಹಾಗೇ ಬರುತ್ತೆ. ಖರ್ಚಿಲ್ಲದ ಕೆಲಸ. ಫೋನಿನ ‘ಎನ್‌ಹಾನ್ಸ್’ ಗುಂಡಿಯ ತಂಟೆಗೆ ಮಾತ್ರ ಹೋಗಬೇಡಿ. ಅದು ಇರುವ ಗೀಟನ್ನು ಹುಡುಕಿ ತೋರಿಸುವುದಿಲ್ಲ, ಇರಬಹುದಾದ್ದನ್ನು ಬರೆಯುತ್ತೆ.

ತೂಕ ಮತ್ತು ಅಳತೆಯಿಲ್ಲದ ಚಿತ್ರದ ಬಗ್ಗೆ ಹೆಚ್ಚು ಹೇಳಲ್ಲ. ಪರದೆಯ ಮೇಲೆ ಪುಟಾಣಿ ಕಂಠೀರಾಯಿ ಹಣವೂ ವಿಜಯನಗರದ ವರಹವೂ ಒಂದೇ ಗಾತ್ರ. ಪಕ್ಕದಲ್ಲಿ ಮಿ.ಮೀ. ಪಟ್ಟಿ ಇಡಿ, ಗ್ರಾಂ ಬರೆಯಿರಿ, ಅಂಚಿನ ಫೋಟೊ ಒಂದಿರಲಿ. ಎರಕ ಹೊಯ್ದ ನಕಲಿಯ ಹೊಲಿಗೆ ಕಾಣೋದು ಅಂಚಿನಲ್ಲೇ. ಫೋಟೊಗೆ ಮುಂಚೆ ಹುಣಸೆಹಣ್ಣು ಹಾಕಿ ತಿಕ್ಕೋರಿಗೆ ಒಂದೇ ಮಾತು: ಅದು ಪೂಜೆಯ ತಂಬಿಗೆ ಅಲ್ಲ.

ವೃತ್ತಿಪರ ಹರಾಜಿನವರ ಚಿತ್ರಗಳು ಇದಕ್ಕಿಂತ ಎಷ್ಟೋ ಮೇಲು. ಎರಡೂ ಬದಿ, ತೂಕ, ಬಣ್ಣ ಎಲ್ಲ ಅಚ್ಚುಕಟ್ಟು. ಆದರೆ ಅಲ್ಲೂ ದೇವರಿರುವ ಬದಿಗೇ ಮರ್ಯಾದೆ. ಇಮ್ಮಡಿ ಹರಿಹರನ ಅರ್ಧ ವರಹದಲ್ಲಿ ಉಮಾಮಹೇಶ್ವರರಿಗೆ ಹೊಂದಿಸಿದ ಬೆಳಕನ್ನೇ ‘ಶ್ರೀ ಪ್ರತಾಪ ಹರಿಹರ’ ಎಂಬ ನಾಗರಿ ಸಾಲುಗಳಿಗೂ ಬಿಟ್ಟಿರುತ್ತಾರೆ. ದುಂಡನೆಯ ವಿಗ್ರಹಕ್ಕೆ ಒಪ್ಪುವ ಮೆತ್ತನೆ ಬೆಳಕು ಚಪ್ಪಟೆ ಅಕ್ಷರಕ್ಕೆ ಒಪ್ಪಲ್ಲ. ಮತ್ತೆ, ಎಲ್ಲಿ ಸಿಕ್ಕಿತು ಅನ್ನುವ ಸಾಲು ಎಂಥ ಒಳ್ಳೆಯ ಚಿತ್ರದ ಕೆಳಗೂ ಸಾಮಾನ್ಯವಾಗಿ ಇರುವುದಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಕಾಯಿದೆಯ ಪ್ರಕಾರ ಪ್ರಾಚ್ಯವಸ್ತು, ಅದರ ವ್ಯಾಪಾರಕ್ಕೆ ಪರವಾನಗಿ ಬೇಕು. ನೆಲದಲ್ಲಿ ಸಿಕ್ಕ ನಿಧಿಯನ್ನು ಸರ್ಕಾರಕ್ಕೆ ತಿಳಿಸಬೇಕು. ಸಿಕ್ಕ ಜಾಗ ಯಾಕೆ ಬರೆಯಲ್ಲ ಅನ್ನೋದಕ್ಕೆ ಬೇರೆ ವಿವರಣೆ ಬೇಕಿಲ್ಲ. ಒಂದೇ ಮಡಕೆಯಲ್ಲಿದ್ದ ನಾಣ್ಯಗಳು ಒಂದೊಂದೇ ಫೋಟೊ ಆಗಿ ಚದುರಿದರೆ ಯಾವ ಅರಸನ ನಾಣ್ಯ ಯಾರ ನಾಣ್ಯದ ಜೊತೆ ಚಲಾವಣೆಯಲ್ಲಿತ್ತು ಅನ್ನುವ ಸಾಕ್ಷಿಯೂ ಚದುರುತ್ತೆ. ಅದನ್ನು ಯಾವ ಲೆನ್ಸೂ ತಂದುಕೊಡಲ್ಲ.

ನಿಮ್ಮಲ್ಲಿ ಯಾರ ಬಳಿಯಾದರೂ ‘ಗೊಂಡ’ ಎಂದು ಮುಗಿಯುವ ಹೊಯ್ಸಳ ನಾಣ್ಯಗಳ ಚಿತ್ರ ಇದ್ದರೆ, ಕತ್ತರಿಸದ ಮೂಲ ಫೈಲನ್ನೇ ಕಳಿಸಿ. ಮಸುಕಾಗಿದ್ದರೂ ಪರವಾಗಿಲ್ಲ, ಎರಡೂ ಬದಿ ಇರಲಿ, ಬರಹದ ಬದಿಯದ್ದು ದೀಪ ಸರಿಸಿ ತೆಗೆದ ನಾಲ್ಕಾದರೂ ಇರಲಿ.