ಪರದೆ ಹಿಂದಿನ ದನಿ

ತೊಗಲುಗೊಂಬೆಯಾಟದ ಬಗ್ಗೆ ನಮ್ಮ ಜಾನಪದ ವಿದ್ವಾಂಸರು ಬರೆದದ್ದು ಕಡಿಮೆಯೇನಲ್ಲ. ಗೊಂಬೆಯ ಎತ್ತರ, ಬಣ್ಣ, ರಾಮಾಯಣದ ಪಾಠಭೇದ ಎಲ್ಲ ಚರ್ಚೆಯಾಗಿವೆ. ಹೆಚ್ಚು ಮಾತಿಗೆ ಬಾರದೆ ಉಳಿದದ್ದು ಆ ತೊಗಲು. ಸತ್ತ ದನದ ತೊಗಲನ್ನು ನಮ್ಮ ಕೇರಿಯವ ಹದ ಮಾಡಿದರೆ ಮೈಲಿಗೆ. ಕಿಳ್ಳಿಕ್ಯಾತರು ಆಡಿನ ತೊಗಲಿನ ಕೂದಲು ತೆಗೆದು, ಬೆಳಕು ಹಾಯುವಷ್ಟು ತೆಳ್ಳಗೆ ಮಾಡಿ, ರಾಮನನ್ನು ಬರೆದು ದೀಪದ ಮುಂದೆ ಹಿಡಿದರೆ ಊರೇ ಕೈ ಮುಗಿಯುತ್ತದೆ. ಆಡಿಸಿದವ ಮಾತ್ರ ಊರ ಹೊರಗಿನ ಗುಡಾರಕ್ಕೇ ತಿರುಗಿ ಹೋಗಬೇಕು. ತೊಗಲಿಗೆ ಸಿಕ್ಕ ಮರ್ಯಾದೆ ಮನುಷ್ಯನಿಗೆ ಯಾಕೆ ಸಿಗಲಿಲ್ಲ? ವಿಮರ್ಶೆ ಶುರುವಾಗಬೇಕಾದದ್ದು ಇಲ್ಲಿಂದ.

ನವಲಗುಂದ, ಅಣ್ಣಿಗೇರಿ ಕಡೆಯವು ಮಳೆ ನಂಬಿದ ಎರಿ ಹೊಲಗಳು. ಮಳಿ ಹೋದರೆ ಗೊಂಬಿ ಆಟ ಆಡಸ್ರಿ ಅನ್ನೋ ನಂಬಿಕೆ ನಮ್ಮ ಸೀಮೆಯ ಹಳ್ಳಿಗಳದು. ಮಳೆ ತರಿಸಲು ಕರೆದವರಿಗೆ ಆ ಮಳೆಯಲ್ಲಿ ನಿಲ್ಲಲು ಸೂರಿರಲಿಲ್ಲ.

ಬಂಗಾಳದ ಪಟುವರನ್ನು ಇವರ ಪಕ್ಕದಲ್ಲಿಟ್ಟು ನೋಡೋಣ. ಮೇದಿನಿಪುರ ಸೀಮೆಯ ನಯಾ ಹಳ್ಳಿಯ ಪಟುವ ಚಿತ್ರದ ಸುರುಳಿ ಬಿಚ್ಚುತ್ತ, ಒಂದೊಂದೇ ಚೌಕಕ್ಕೆ ಬೆರಳಿಟ್ಟು ಹಾಡುತ್ತಾನೆ. ಅವರಲ್ಲಿ ಬಹುಪಾಲು ಮುಸ್ಲಿಮರು. ಹಾಡುವುದು ಮನಸಾದೇವಿಯ ಕಥೆಯನ್ನೂ, ಸತ್ಯಪೀರನದನ್ನೂ. 2004ರ ಸುನಾಮಿಯೂ ಅವರ ಸುರುಳಿ ಸೇರಿದೆ. ಅಲ್ಲಿ ಹಾಡುವವನ ಮುಖ ಜನಕ್ಕೆ ಕಾಣುತ್ತದೆ. ನಮ್ಮಲ್ಲಿ ಹಾಡುವವರು ಪರದೆಯ ಹಿಂದೆ. ಆ ಪರದೆ ಅವರ ಮುಖ ಮುಚ್ಚಿತು, ನಾಲಿಗೆಯನ್ನು ಬಿಚ್ಚಿತು.

ರಾಮಾಯಣ ಆಡೋರು ಪುರೋಹಿತಶಾಹಿಯ ಕೂಲಿಗಳು ಎಂದು ನಮ್ಮ ಗೆಳೆಯರೇ ಅಂದುಬಿಡುವುದುಂಟು. ಅದು ಅವಸರದ ಮಾತು. ರಾಮ ಆಡುವುದು ಪುಸ್ತಕದ ಭಾಷೆ. ಕರಿಮೈಯ ಕಿಳ್ಳಿಕ್ಯಾತ, ಅವನ ಹೆಂಡತಿ ಬಂಗಾರಕ್ಕ ಆಡುವುದು ಊರ ಭಾಷೆ. ದೇವರ ಕಥೆಯ ನಡುವೆ ನುಗ್ಗಿ ಹಸಿವಿನ ಮಾತು, ಗಂಡಹೆಂಡಿರ ಜಗಳ, ದೊಡ್ಡವರ ಸಣ್ಣತನ ಎಲ್ಲಾ ಆಡ್ತಾರ. ಎದುರಿಗೆ ನಿಂತು ಗೌಡನಿಗೆ ಹೇಳಲಾಗದ್ದನ್ನು ಗೊಂಬೆಯ ಬಾಯಲ್ಲಿ ಹೇಳಬಹುದು, ಗೌಡನೂ ನಗಲೇಬೇಕು. ಈ ಜಾತಿಗೆ ಅಂಟಿದ ಹೆಸರು ರಾಮನದಲ್ಲ, ಕಿಳ್ಳಿಕ್ಯಾತನದು. ಅವರು ಯಾರ ಕಡೆಯವರೆಂಬುದಕ್ಕೆ ಬೇರೆ ಸಾಕ್ಷಿ ಯಾಕೆ?

2025ರಲ್ಲಿ ಕೊಪ್ಪಳ ಜಿಲ್ಲೆ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರಗೆ ಪದ್ಮಶ್ರೀ ಬಂತು. ಪರದೆ ಹಿಂದಿನ ಮುಖವೊಂದು ದಿಲ್ಲಿಯ ಬೆಳಕಿಗೆ ಬಂದದ್ದು ಸಂತೋಷವೇ. ಆದರೆ ಸಂಗ್ರಹಾಲಯದ ಗಾಜಿನೊಳಗೆ ಗೊಂಬೆ ಮೂಕ. ದಲಿತ ವಿಮರ್ಶೆ ಆತ್ಮಕಥೆ, ಕವಿತೆಗಳನ್ನು ಓದಿದಷ್ಟೇ ಶ್ರದ್ಧೆಯಿಂದ ಕಿಳ್ಳಿಕ್ಯಾತನ ಮಾತನ್ನು ಕೇಳಿ ಬರೆದಿಡಬೇಕು. ಅಶ್ಲೀಲವೆಂದು ಸಭ್ಯರು ಬಿಟ್ಟುಬಿಡುವ ಆ ಮಾತೇ ನಮಗೆ ಮೊದಲ ಪಠ್ಯ. ಅದು ಹೋದರೆ ಉಳಿಯುವುದು ರಾಮನ ಗೊಂಬೆ ಮಾತ್ರ. ಅವನನ್ನು ಉಳಿಸಲು ಬೇರೆಯವರು ಬೇಕಾದಷ್ಟು ಮಂದಿ ಇದ್ದಾರೆ.